ಜಾರುಬಂಡೆ ಸೇವೆ

(ಇಂಗ್ಲೆಂಡಿನ ಒಂದು ಸಣ್ಣ ಚರ್ಚ್. ಸೋರುವ ಛಾವಣಿಯಡಿ ಬಕೆಟ್, ಅದೇ ಹಾಜರಾತಿ ತಪ್ಪಿಸದ ಏಕೈಕ ಸದಸ್ಯ.)

ಖಜಾಂಚಿ: ಫಾದರ್, 2021ರ ಜನಗಣತಿ ನೋಡಿದಿರಾ? ಇಂಗ್ಲೆಂಡ್, ವೇಲ್ಸ್‌ನಲ್ಲಿ ಕ್ರೈಸ್ತರು ಅರ್ಧಕ್ಕಿಂತ ಕಡಿಮೆ! ಏನಾದರೂ ಮಾಡಬೇಕು.

ಪಾದ್ರಿ: ಪ್ರಾರ್ಥನೆ?

ಖಜಾಂಚಿ: ಅದು ಇದ್ದೇ ಇದೆ ಬಿಡಿ. 2019ರಲ್ಲಿ ರೋಚೆಸ್ಟರ್ ಕೆಥೆಡ್ರಲ್ ಒಳಗೇ ಮಿನಿ ಗಾಲ್ಫ್ ಆಡಿಸಿದರು. ನಾರ್ವಿಚ್‌ನವರು ತಮ್ಮ ಕೆಥೆಡ್ರಲ್ ಒಳಗೆ 55 ಅಡಿ ಜಾರುಬಂಡೆ ನಿಲ್ಲಿಸಿದರು, ಛಾವಣಿಯ ಕೆತ್ತನೆ ಹತ್ತಿರದಿಂದ ಕಾಣಲಿ ಅಂತ! 2024ರಲ್ಲಿ ಕ್ಯಾಂಟರ್‌ಬರಿಯಲ್ಲಿ ಕೆಥೆಡ್ರಲ್ ಒಳಗೇ ಡಿಸ್ಕೊ, ಎಲ್ಲರ ಕಿವಿಗೂ ಹೆಡ್‌ಫೋನ್.

ಪಾದ್ರಿ: ಹೆಡ್‌ಫೋನ್ ಯಾಕೆ?

ಖಜಾಂಚಿ: ಪವಿತ್ರ ಸ್ಥಳ ಅಲ್ವೇ, ಸದ್ದಾಗಬಾರದು.

ಪಾದ್ರಿ: (ಬಕೆಟ್ ನೀರು ಚೆಲ್ಲುತ್ತಾ) ಬುಧವಾರ ನಮ್ಮ ಫುಡ್‌ಬ್ಯಾಂಕಿಗೆ ಗೇಟಿನ ತನಕ ಸಾಲಿತ್ತಲ್ಲ?

ಖಜಾಂಚಿ: ಅವರು ಹಸಿದು ಬಂದವರು ಫಾದರ್. ಟಿಕೆಟ್ಟೇ ಇಲ್ಲ, ಲೆಕ್ಕಕ್ಕೆ ಹಿಡಿಯೋದು ಹೇಗೆ?