ಸರೋವರದಂಚಿನ ಮಹಾತಾಯಿ

ಉತ್ತರ ಜರ್ಮನಿಯ ಸರೋವರದ ಊರುಗಳಿಗೆ ಹೊರಟವರು ಎಲ್ಲಿ ಇಳಿದುಕೊಳ್ಳೋದು, ಎಲ್ಲಿ ಊಟ ಮಾಡೋದು ಅಂತ ಸುಮ್ಮನೆ ತಲೆ ಕೆಡಿಸಿಕೊಳ್ಳುತ್ತಾರೆ. ಅದು ನಮ್ಮ ನಿಮ್ಮ ಕೈಯಲ್ಲಿಲ್ಲ. ಹ್ಯಾಂಬರ್ಗಿನಲ್ಲೋ ಲ್ಯೂಬೆಕ್ಕಿನಲ್ಲೋ ರೈಲು ಹತ್ತಿ ರಾಟ್ಸೆಬುರ್ಗ್, ಮ್ಯೋಲ್ನ್, ಪ್ಲ್ಯೋನ್, ಓಯ್ಟೀನ್, ಶ್ವೆರೀನ್ ಎಲ್ಲೇ ಇಳಿಯಿರಿ, ಅಲ್ಲೊಬ್ಬ ಮಹಾತಾಯಿ ಇದ್ದೇ ಇರುತ್ತಾಳೆ. ಮಹಡಿಯನ್ನು ಪ್ರವಾಸಿಗರಿಗೆ ಬಾಡಿಗೆಗೆ ಬಿಟ್ಟು ತಾನು ಕೆಳಗಿರುವವಳು. ಅರವತ್ತೈದು ದಾಟಿದ ವಯಸ್ಸು, ಗಿಡ್ಡ ಕೂದಲು, ಕೊರಳಿಗೆ ದಾರ ಕಟ್ಟಿ ಇಳಿಬಿಟ್ಟ ಕನ್ನಡಕ, ಕಿಟಕಿಯಲ್ಲಿ ಮರದ ಪುಟಾಣಿ ದೀಪಸ್ತಂಭ. ಬೆಳಗಾಗಲಿ, ಬೈಗಾಗಲಿ, "ಮೊಯಿನ್" ಎಂಬ ಒಂದೇ ನಮಸ್ಕಾರ. ಆಮೇಲೆ ಕೈಗೆ ಒಂದು ಫೋಲ್ಡರು. ಬೀಗದ ಕೈ ಸಿಗುವುದು ಅದಾದ ಮೇಲೆ.

ಆ ಫೋಲ್ಡರಿನ ಪ್ರತಿ ಹಾಳೆಗೂ ಲ್ಯಾಮಿನೇಷನ್ ಆಗಿರುತ್ತದೆ, ಅಂದರೆ ತಿದ್ದುಪಡಿಗೆ ಅವಕಾಶವಿಲ್ಲ. ಮಧ್ಯಾಹ್ನ ಒಂದರಿಂದ ಮೂರು ಸದ್ದು ಮಾಡಬಾರದು. ರಾತ್ರಿ ಹತ್ತರ ಮೇಲೆ ಕೇಳಲೇಬೇಡಿ. ಚಳಿಗಾಲವಾದರೂ ಬೆಳಗ್ಗೆ ಎದ್ದು ಕಿಟಕಿಗಳನ್ನೆಲ್ಲ ಹಾರುಹೊಡೆದು ಐದು ನಿಮಿಷ ಗಾಳಿ ಆಡಿಸಬೇಕು. ಹಾಸಿಗೆ ಬಟ್ಟೆಗೆ ಬೇರೆ ದುಡ್ಡು. ಹೊರಡುವ ದಿನದ ಶುಚಿತ್ವಕ್ಕೆ ಬೇರೆ ದುಡ್ಡು. ಆ ದುಡ್ಡು ಕೊಟ್ಟ ಮೇಲೂ ಹೊರಡುವ ದಿನ ಕಸ ಗುಡಿಸಿ, ಪಾತ್ರೆ ತೊಳೆದಿಟ್ಟೇ ಹೋಗಬೇಕು. ಹಾಗಾದರೆ ದುಡ್ಡು ಯಾತಕ್ಕೆ ಎಂದು ಕೇಳುವ ಧೈರ್ಯ ಮಾಡಿದವರನ್ನು ನಾನಿನ್ನೂ ನೋಡಿಲ್ಲ.

ಕಸದ ಅಧ್ಯಾಯವನ್ನು ಮಾತ್ರ ಆಕೆ ಓದಲು ಬಿಡುವುದಿಲ್ಲ, ಪ್ರಾಯೋಗಿಕವಾಗಿ ಮಾಡಿ ತೋರಿಸುತ್ತಾಳೆ. ಅಡುಗೆಮನೆಯಲ್ಲಿ ನಿಮ್ಮನ್ನು ನಿಲ್ಲಿಸಿ, ಖಾಲಿ ಮೊಸರಿನ ಡಬ್ಬಿಯೊಂದನ್ನು ಎತ್ತಿ ಹಿಡಿಯುತ್ತಾಳೆ. ಮೇಲಿನ ಅಲ್ಯುಮಿನಿಯಂ ಹಾಳೆಯನ್ನು ಪೂರ್ತಿ ಕಿತ್ತು ಬೇರೆ ಮಾಡಬೇಕು. ಡಬ್ಬಿಗೆ ಸುತ್ತಿದ ರಟ್ಟು ಬಿಚ್ಚಿ ಕಾಗದದ ತೊಟ್ಟಿಗೆ. ಡಬ್ಬಿ, ಹಾಳೆ ಎರಡೂ ಪ್ಯಾಕಿಂಗ್ ಕಸದ ಹಳದಿ ಚೀಲಕ್ಕೆ, ಆದರೆ ಬಿಡಿ ಬಿಡಿಯಾಗಿ. ಸಿಪ್ಪೆ, ಚಹಾದ ಗಸಿ ಹಸಿ ಕಸಕ್ಕೆ. ಪ್ಲಾಸ್ಟಿಕ್ ನೀರಿನ ಬಾಟಲಿ ಕಸವೇ ಅಲ್ಲ, ಅದಕ್ಕೆ 25 ಸೆಂಟ್ ಠೇವಣಿ ಇದೆ, ಅಂಗಡಿಗೆ ವಾಪಸ್. ಗಾಜಿನದನ್ನು ಬೀದಿಯ ಡಬ್ಬಗಳಿಗೆ ಬಿಳಿ, ಹಸಿರು, ಕಂದು ಎಂದು ವಿಂಗಡಿಸಿ ಹಾಕಬೇಕು. ಭಾನುವಾರ ಹಾಕಿದರೆ ಸದ್ದಿಗೆ ನೆರೆಯವರು ತಿರುಗಿ ಬೀಳುತ್ತಾರೆ. "ಅರ್ಥವಾಯಿತೇ?" ಎನ್ನುತ್ತಾಳೆ. ನೀವು ಗೋಣು ಆಡಿಸುತ್ತೀರಿ. ಮರುದಿನ ಬೆಳಗ್ಗೆ ಹಳದಿ ಚೀಲದೊಳಗೆ ಬಗ್ಗಿ ನೋಡುತ್ತಿರುವ ಆಕೆಯ ಬೆನ್ನು ನಿಮಗೆ ಮಹಡಿಯಿಂದ ಕಾಣುತ್ತದೆ.

ಇತಿಹಾಸವನ್ನೂ ಆಕೆ ಇದೇ ದನಿಯಲ್ಲಿ ಹೇಳುತ್ತಾಳೆ. ರಾಟ್ಸೆಬುರ್ಗ್ ನಾಲ್ಕು ಸರೋವರಗಳ ನಡುವಿನ ದ್ವೀಪದ ಊರು. ಸಿಂಹ ಎಂಬ ಬಿರುದಿನ ಡ್ಯೂಕ್ ಹೆನ್ರಿಯ ಕಾಲದ ಕೆಂಪು ಇಟ್ಟಿಗೆಯ ದೊಡ್ಡ ಚರ್ಚು ಕಿಟಕಿಯಿಂದಲೇ ಕಾಣಿಸುತ್ತದೆ. ಡೇನರು 1693ರಲ್ಲಿ ಫಿರಂಗಿ ಹಾರಿಸಿ ಊರನ್ನು ಧ್ವಂಸ ಮಾಡಿದ್ದನ್ನೂ, ಹೋದ ವಾರದ ಬಾಡಿಗೆಯವನು ಕಾಲೊರೆಸದೆ ಒಳಗೆ ಬಂದದ್ದನ್ನೂ ಆಕೆ ಒಂದೇ ಉಸಿರಿನಲ್ಲಿ ಹೇಳಿ, ಒಂದೇ ತೂಕದ ನಿಟ್ಟುಸಿರು ಬಿಡುತ್ತಾಳೆ. ಪ್ಲ್ಯೋನ್‌ನಲ್ಲಾದರೆ ಗುಡ್ಡದ ಮೇಲಿನ ಅರಮನೆ ತೋರಿಸಿ, ಅದೀಗ ಕನ್ನಡಕ ಮಾಡುವವರ ತರಬೇತಿ ಶಾಲೆ ಎಂದು ತಿಳಿಸುತ್ತಾಳೆ. ಅರಮನೆ ಸದ್ಬಳಕೆಯಾದ ತೃಪ್ತಿ ಮುಖದಲ್ಲಿ. ಓಯ್ಟೀನ್‌ನಲ್ಲಿ 1786ರಲ್ಲಿ ಸಂಗೀತಗಾರ ವೇಬರ್ ಹುಟ್ಟಿದ. ಒಳ್ಳೆಯದೇ, ಆದರೆ ಬೇಸಿಗೆಯ ಒಪೆರಾಕ್ಕೆ ಬಂದವರು ಕಾರನ್ನು ಎಲ್ಲೆಂದರಲ್ಲಿ ನಿಲ್ಲಿಸುತ್ತಾರೆ. ಮ್ಯೋಲ್ನ್‌ನದಂತೂ ಬೇರೆಯೇ ಕಥೆ. ಲೋಕವನ್ನೆಲ್ಲ ಗೋಳುಹೊಯ್ದುಕೊಂಡ ಕೀಟಲೆಗಾರ ಟಿಲ್ ಓಯ್ಲೆನ್‌ಶ್ಪೀಗೆಲ್ 1350ರಲ್ಲಿ ಅಲ್ಲಿ ಸತ್ತನಂತೆ, ಹಗ್ಗ ಹರಿದು ಶವಪೆಟ್ಟಿಗೆ ನೆಟ್ಟಗೆ ನಿಂತದ್ದರಿಂದ ಅವನನ್ನು ನಿಂತ ಹಾಗೇ ಹೂತರಂತೆ. ಕಾರಂಜಿಯ ಬಳಿಯ ಅವನ ಪ್ರತಿಮೆಯ ಹೆಬ್ಬೆರಳನ್ನೂ ಪಾದರಕ್ಷೆಯ ತುದಿಯನ್ನೂ ಸವರಿದರೆ ಅದೃಷ್ಟ ಎಂದು ಎಲ್ಲರೂ ಸವರಿ ಸವರಿ ಅವೆರಡೂ ಥಳಥಳ ಹೊಳೆಯುತ್ತಿವೆ. ನಮ್ಮ ಮಹಾತಾಯಿಯ ಸಲಹೆ: ಸವರಿ, ಬಂದು ಕೈ ತೊಳೆದುಕೊಳ್ಳಿ. ಅಂಥವನಿಗೆ ಆಕೆ ಮಹಡಿ ಬಾಡಿಗೆಗೆ ಕೊಡುತ್ತಿರಲಿಲ್ಲ, ಅದಂತೂ ಖಾತ್ರಿ.

ಶ್ವೆರೀನ್‌ನ ಅರಮನೆ ನೀರಿನ ನಡುವೆ ಇದೆ, ಒಳಗೆ ರಾಜ್ಯದ ಶಾಸನಸಭೆ ನಡೆಯುತ್ತದೆ, 2024ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಆ ಅರಮನೆಯಲ್ಲಿ ಪೇಟರ್‌ಮೆನ್ಶೆನ್ ಎಂಬ ಕುಳ್ಳ ಭೂತ ಓಡಾಡುತ್ತದೆ, ಕಳ್ಳರನ್ನು ಕಾಡುತ್ತದೆ, ಒಳ್ಳೆಯವರಿಗೆ ಒಳ್ಳೆಯದು ಮಾಡುತ್ತದೆ ಎಂದು ಪ್ರತೀತಿ. ಅದಕ್ಕೊಬ್ಬಳು ತಂಗಿ ಇದ್ದು, ಈಗ ಮಹಡಿ ಬಾಡಿಗೆಗೆ ಕೊಡುತ್ತಿದ್ದಾಳೆ ಎಂದು ನನ್ನ ಗುಮಾನಿ.

ಇನ್ನು ಊಟ. ಸಂಜೆ ಆರಕ್ಕೆ ನೀವು ಮೆಟ್ಟಿಲಿಳಿಯುವ ಹೊತ್ತಿಗೆ ಸರಿಯಾಗಿ ಆಕೆ ಬಾಗಿಲಲ್ಲಿ ಹೂಕುಂಡಕ್ಕೆ ನೀರು ಹಾಕುತ್ತಿರುತ್ತಾಳೆ. ಎಲ್ಲಿಗೆ? ನೀವು ಮೊಬೈಲ್ ತೋರಿಸುತ್ತೀರಿ: ನೀರಿನ ಮೇಲೆ ಚಾಚಿದ ಜಗಲಿ, ನಾಲ್ಕೂವರೆ ನಕ್ಷತ್ರ. "ಅಲ್ಲಿ ನೀವು ದುಡ್ಡು ಕೊಡೋದು ನೋಟಕ್ಕೆ, ಮೀನಿಗಲ್ಲ." ಮೀನೆಂದರೆ ಮರೇನೆ, ಈ ಸರೋವರಗಳ ತಣ್ಣನೆಯ ಆಳದಲ್ಲಿ ಸಿಗುವ ಬೆಳ್ಳಿ ಬಣ್ಣದ ಸಣ್ಣ ಮೀನು. ಅದನ್ನು ಹೊಗೆಯಾಡಿಸಿ ಕೊಡುವ ಮೀನುಗಾರನ ಗುಡಿಸಲು ದಂಡೆಯ ಆಚೆಗಿದೆ, ನಡೆದೇ ಹೋಗಿ, ಚಿಲ್ಲರೆ ತೆಗೆದುಕೊಂಡು ಹೋಗಿ, ಕಾರ್ಡು ನಡೆಯುವುದಿಲ್ಲ. ಹೇಗಿರುತ್ತದೆ? "ತಿನ್ನಬಹುದು." ಇದಕ್ಕಿಂತ ದೊಡ್ಡ ಹೊಗಳಿಕೆ ಆಕೆಯ ಬಾಯಿಂದ ಬಂದದ್ದಿಲ್ಲ.

ನೀವು ಸಸ್ಯಾಹಾರಿ ಅಂದಿರೋ, ಆಕೆಗೆ ನಿಜವಾದ ಮರುಕ ಹುಟ್ಟುತ್ತದೆ. ಹುರಿದ ಆಲೂಗಡ್ಡೆ ಮಾತ್ರ ಕೇಳಬೇಡಿ, ಅದರಲ್ಲಿ ಹಂದಿಕೊಬ್ಬಿನ ಚೂರು ಇರುತ್ತದೆ ಎಂದು ಮೊದಲೇ ಎಚ್ಚರಿಸುವವಳು ಊರಿಗೆಲ್ಲ ಆಕೆ ಒಬ್ಬಳೇ. ಮೇ, ಜೂನ್‌ನಲ್ಲಿ ಬಂದಿದ್ದರೆ ನೀವು ಬದುಕಿದಿರಿ: ಬಿಳಿ ಶ್ಪಾರ್ಗೆಲ್ ಎಂಬ ಶತಾವರಿ ದಂಟು, ಬೇಯಿಸಿದ ಆಲೂಗಡ್ಡೆ, ಮೇಲೆ ಕರಗಿಸಿದ ಬೆಣ್ಣೆ. ಹೊಟ್ಟೆಯಲ್ಲಿ ಜಾಗ ಉಳಿದರೆ ಕೆಂಪು ಹಣ್ಣುಗಳ ರೋಟೆ ಗ್ರ್ಯೂಟ್ಸೆ, ವೆನಿಲಾ ಸಾಸು. ಇದು ಹೊಟ್ಟೆ ತುಂಬಿಸುವುದಷ್ಟೇ ಅಲ್ಲ, ಖುಷಿಯನ್ನೂ ಕೊಡುವ ಊಟ. ಒಗ್ಗರಣೆಯ ಆಸೆ ಬಿಟ್ಟವರಿಗೆ.

ಮಾತು ಮೀರಿ ಜಗಲಿಯ ಕಡೆಗೇ ಹೋದವರ ಕಥೆಯೂ ಕೇಳಿ. ಬಾಗಿಲಿಗೆ ಬೋರ್ಡು ತೂಗುತ್ತಿದೆ: ಸೋಮವಾರ ರಜೆ. ಪಕ್ಕದ್ದಕ್ಕೆ ಹೋದರೆ ಎಂಟೂ ಕಾಲು, ಅಡುಗೆಮನೆ ಮುಚ್ಚಿದೆ, ಬಿಯರ್ ಬೇಕಿದ್ದರೆ ಕೊಡುತ್ತಾರೆ. ಕೊನೆಗೆ ಸ್ಟೇಷನ್ನಿನೆದುರು ಟರ್ಕಿಯವನ ಅಂಗಡಿಯಲ್ಲಿ ಫಲಾಫೆಲ್ ಕಟ್ಟಿಸಿಕೊಂಡು, ಬೆಳ್ಳುಳ್ಳಿ ಸಾಸಿನ ವಾಸನೆ ಸಮೇತ ಕಳ್ಳಹೆಜ್ಜೆಯಲ್ಲಿ ಮೆಟ್ಟಿಲು ಹತ್ತುವಾಗ ಕೆಳಗಿನ ಬಾಗಿಲು ಒಂದು ಬೆರಳಷ್ಟು ತೆರೆಯುತ್ತದೆ.

"ಸೋಮವಾರ," ಎನ್ನುತ್ತಾಳೆ. ಬಾಗಿಲು ಮುಚ್ಚುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ತೆರೆದು, "ಅಲ್ಯುಮಿನಿಯಂ ಹಾಳೆ ಹಳದಿ ಚೀಲಕ್ಕೆ."

ಹೊರಡುವ ಬೆಳಗ್ಗೆ ನೀವು ಕಸ ಗುಡಿಸಿ, ಅತಿಥಿಗಳ ಪುಸ್ತಕದಲ್ಲಿ ನಾಲ್ಕು ಸಾಲು ಬರೆದು ಕೆಳಗಿಳಿದರೆ ಆಕೆ ಕ್ಯಾಲೆಂಡರು, ಪೆನ್ಸಿಲು ಹಿಡಿದು ನಿಂತಿರುತ್ತಾಳೆ. ಬರುವ ವರ್ಷ ಮತ್ತೆ ಬರುತ್ತೀರಾ ಎಂದು ಕೇಳುವುದಿಲ್ಲ. "ಜೂನ್ 24ಕ್ಕೆ ಶ್ಪಾರ್ಗೆಲ್ ಮುಗಿಯುತ್ತೆ, ನಿಮ್ಮನ್ನು 14ಕ್ಕೆ ಬರಕೊಂಡಿದ್ದೀನಿ," ಎನ್ನುತ್ತಾಳೆ. ನಿಮ್ಮ ಹೆಸರಿನ ಕಾಗುಣಿತ ಕೇಳಿಕೊಂಡು ತಪ್ಪಾಗಿಯೇ ಬರೆದು, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ನೆಲ ನೋಡಲು ಮಹಡಿ ಹತ್ತುತ್ತಾಳೆ.