ಕಬ್ಬಿನ ಗಾಡಿ ನಿಲ್ಸು, ಆಮೇಲ ಹೀರೊ ಅನ್ನು

ನಮ್ಮ ಕುಂತೂರಿನಲ್ಲಿ ಶಿವರಾತ್ರಿ ಜಾಗರಣೆಗೆ ಎರಡು ಪಕ್ಷ. ಕಂಸಾಳೆಯವರ ಮುಂದೆ ಕೂತು ಮಾದಪ್ಪನ ಕಥೆ ಕೇಳುವ ಪಕ್ಷ ಒಂದು, ಪಿಚ್ಚರ್ ನೋಡುವ ಪಕ್ಷ ಇನ್ನೊಂದು. ಯಾರ ಪುಣ್ಯ ಎಷ್ಟು ಎಂಬ ಲೆಕ್ಕ ಶಿವನಿಗೆ ಬಿಟ್ಟದ್ದು. ಬೆಳಗಾಗುವ ಹೊತ್ತಿಗೆ ಕಣ್ಣು ಮಾತ್ರ ಎರಡೂ ಪಕ್ಷದವರದು ಒಂದೇ ಥರ ಕೆಂಪಗಿರುತ್ತದೆ.

ನಾನು ಹುಟ್ಟಾ ಪಿಚ್ಚರ್ ಪಕ್ಷದವನು. ನಮ್ಮ ಕಾಲಕ್ಕೆ ಬೀದಿಯವರೆಲ್ಲ ಚಂದಾ ಎತ್ತಿ, ಕೊಳ್ಳೇಗಾಲದಿಂದ ಕಲರ್ ಟಿ.ವಿ., ವಿ.ಸಿ.ಆರ್., ನಾಲ್ಕು ಕ್ಯಾಸೆಟ್ ಬಾಡಿಗೆಗೆ ತರುತ್ತಿದ್ದರು. ಹಾಕುವುದಕ್ಕೂ ಒಂದು ಶಾಸ್ತ್ರವಿತ್ತು. ಮೊದಲು ದೇವರ ಪಿಚ್ಚರ್, ಅದು ಅಜ್ಜಿಯರಿಗೆ. ಆಮೇಲೆ ಅಣ್ಣಾವ್ರದು, ಅದು ಎಲ್ಲರಿಗೂ. ನಡುರಾತ್ರಿ ದಾಟಿ ಹೆಂಗಸರು ಮಕ್ಕಳು ತೂಕಡಿಸುವಾಗ ಫೈಟಿಂಗ್ ಪಿಚ್ಚರ್. ಕೊನೆಯ ಕ್ಯಾಸೆಟ್ ಯಾವುದು ಅಂತ ಯಾರಿಗೂ ನೆನಪಿಲ್ಲ, ಆ ಹೊತ್ತಿಗೆ ಟಿ.ವಿ. ತಂದವನೂ ಸೇರಿ ಎಲ್ಲರೂ ಮಲಗಿರುತ್ತಿದ್ದರು.

ಈ ಸಲ ಶಿವರಾತ್ರಿಗೆ ಊರಿಗೆ ಹೋದಾಗ ಅಕ್ಕನ ಮಗ ಬೆಂಗಳೂರಿನಿಂದ ಬೆಂಕಿಪೊಟ್ಟಣಕ್ಕೆ ಅಣ್ಣನಂಥ ಪ್ರೊಜೆಕ್ಟರ್ ಒಂದನ್ನು ತಂದಿದ್ದ. ಜಗಲಿಯ ಗೋಡೆಗೆ ಅಪ್ಪನ ಹಳೇ ಬಿಳಿ ಪಂಚೆ ಇಳಿಬಿಟ್ಟ. "ಮಾವ, ಎಂಬತ್ತರ ದಶಕದ್ದು. ನೋಡಿ ನಕ್ಕು ನಕ್ಕು ಸಾಯ್ಬೇಕು" ಅಂದ. 1989ರ ಹಾಲಿವುಡ್ ಚಿತ್ರ 'ಟ್ಯಾಂಗೊ ಅಂಡ್ ಕ್ಯಾಶ್'. ಸಿಲ್ವೆಸ್ಟರ್ ಸ್ಟಲೋನ್, ಕರ್ಟ್ ರಸೆಲ್ ಇಬ್ಬರೂ ಪೊಲೀಸು. ಒಬ್ಬ ಕೋಟು, ಟೈ, ಕನ್ನಡಕ. ಇನ್ನೊಬ್ಬನಿಗೆ ತಲೆ ಬಾಚುವ ಅಭ್ಯಾಸವೇ ಇಲ್ಲ. ಇಬ್ಬರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದು, ಒಬ್ಬರನ್ನು ಬಿಟ್ಟು ಒಬ್ಬರಿಗೆ ಸಾಗದು.

ಜಗಲಿಯ ಮೇಲೆ ಜಮಾಯಿಸಿದ ವಿಮರ್ಶಕ ಮಂಡಳಿ ಸಣ್ಣದೇನಲ್ಲ. ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುವ ಟ್ರ್ಯಾಕ್ಟರ್ ಓಡಿಸಿ ಸೊಂಟ ಸವೆಸಿಕೊಂಡ ನಮ್ಮ ಭಾವ. ಪಕ್ಕದ ಮನೆಯ ನಿವೃತ್ತ ದಫೇದಾರಣ್ಣ. ಬಾಗಿಲಿಗೆ ಒರಗಿ ಕಡಲೆಕಾಯಿ ಬಿಡಿಸುತ್ತಿದ್ದ ಅವ್ವ. ಮಿಕ್ಕಂತೆ ಮಕ್ಕಳು, ಒಂದು ನಾಯಿ.

ಪಿಚ್ಚರ್ ಶುರುವಾಗಿ ಇನ್ನೂ ಕಡಲೆಕಾಯಿ ಹಬೆ ಆರಿಲ್ಲ. ಒಂದು ಟ್ಯಾಂಕರ್ ಲಾರಿ ದೌಡಾಯಿಸಿಕೊಂಡು ಬರುತ್ತಿದೆ. ಸ್ಟಲೋನ್ ಕಾರಿನಲ್ಲಿ ಅದನ್ನು ದಾಟಿ ಮುಂದೆ ಹೋಗಿ, ಇಳಿದು, ನಡುರಸ್ತೆಯಲ್ಲಿ ನಿಂತು, ಸಣ್ಣದೊಂದು ರಿವಾಲ್ವರ್ ತೆಗೆದು ಗಾಜಿಗೆ ಗುಂಡು ಹೊಡೆಯುತ್ತಾನೆ. ಲಾರಿ ಕಿರ್‍ರನೆ ಬ್ರೇಕ್ ಹಾಕಿ ಅವನ ಮೂಗಿನ ಮುಂದೆ ಬಂದು ನಿಲ್ಲುತ್ತದೆ. ಒಳಗಿದ್ದ ಇಬ್ಬರೂ ಗಾಜು ಒಡೆದುಕೊಂಡು ಹಾರಿ ಬಂದು ಅವನ ಕಾಲ ಬುಡಕ್ಕೆ ಬೀಳುತ್ತಾರೆ.

"ನಿಲ್ಸು, ನಿಲ್ಸು" ಅಂದರು ಭಾವ.

ಅಳಿಯ ನಿಲ್ಲಿಸಿದ.

"ಅದು ಖಾಲಿ ಟ್ಯಾಂಕರ್ರಾ, ಲೋಡಾ?"

"ಲೋಡು."

"ಹಂಗಾದ್ರ ಸುಳ್ಳು ಕನ. ಎರಡು ಟ್ರೈಲರ್ ಕಬ್ಬು ಎಳ್ಕಂಡು ಇಳಿಜಾರಲ್ಲಿ ಬರುವಾಗ ನಾ ಬ್ರೇಕ್ ಮ್ಯಾಲ ನಿಂತ್ಕಂಡ್ರೂ ಹಿಂದಿನ ಟ್ರೈಲರ್ ಕೇಳದಿಲ್ಲ. ಅದು ನನ್ನೇ ತಳ್ಕಂಡು ಹೋಯ್ತದ. ಇವ್ನ ಮಕ ನೋಡಿ ಲೋಡ್ ಗಾಡಿ ನಿತ್ಕಂತು ಅಂದ್ರ ನಾ ಒಪ್ಪದಿಲ್ಲ. ಬರಾಕೇಳು ಅವ್ನ ಕುಂತೂರಿಗ. ಒಂದು ಕಬ್ಬಿನ ಗಾಡಿ ನಿಲ್ಸ್ಲಿ, ಆಮೇಲ ಹೀರೊ ಅಂತೀನಿ."

ವಿಮರ್ಶೆ ಅಂದರೆ ಇದು. ಮುವ್ವತ್ತು ವರ್ಷ ಸ್ಟೀರಿಂಗ್ ಹಿಡಿದ ಕೈಯಿಂದ ಬಂದದ್ದು. ನಾನು ಓದಿದವನೆಂಬ ಜಂಬಕ್ಕೆ ನಡುವೆ ಬಾಯಿ ಹಾಕಿ, "ಭಾವ, ಈ ಸೀನೇ ಅವರದ್ದಲ್ಲ. ಹಾಂಕಾಂಗ್‌ನ ಜಾಕಿ ಚಾನ್ 1985ರಲ್ಲೇ 'ಪೊಲೀಸ್ ಸ್ಟೋರಿ' ಅನ್ನೋ ಪಿಚ್ಚರ್‌ನಲ್ಲಿ ಹಿಂಗೇ ರಸ್ತೇಲಿ ನಿಂತು ಡಬಲ್ ಡೆಕ್ಕರ್ ಬಸ್ ನಿಲ್ಲಿಸಿದ್ದ" ಅಂದೆ.

"ಬಸ್ಸಾದ್ರ ಸರಿ, ಬಸ್ಸು ಕೈಯಡ್ಡ ಹಿಡುದ್ರ ನಿಲ್ತದ" ಅಂದುಬಿಟ್ಟರು. ಒಂದು ಗಳಿಗೆ ಬಿಟ್ಟು, "ಪೊಲೀಸ್ ಸ್ಟೋರಿ ನಮ್ಮ ಸಾಯಿಕುಮಾರಂದಲ್ವಾ?" ಅಂತ ಕೇಳಿದರು. ಹೌದು, ಅದೇ ಹೆಸರಲ್ಲಿ ನಮ್ಮದೊಂದು 1996ರಲ್ಲಿ ಬಂತು, ಥ್ರಿಲ್ಲರ್ ಮಂಜು ನಿರ್ದೇಶನ. ಆ ಸಾಯಿಕುಮಾರ್ ಅವರನ್ನು ತಂದು ಈ ಟ್ಯಾಂಕರ್ ಮುಂದೆ ನಿಲ್ಲಿಸಬೇಕಿತ್ತು ಅಂತ ಭಾವನ ತೀರ್ಪು. ರಿವಾಲ್ವರ್ ಖರ್ಚೂ ಇರುತ್ತಿರಲಿಲ್ಲ. ಅವರು ಬಾಯಿ ತೆಗೆದು ಒಂದು ಡೈಲಾಗ್ ಹೊಡೆದಿದ್ದರೆ ಲಾರಿ ತಾನಾಗಿ ರಿವರ್ಸ್ ಗೇರ್ ಹಾಕಿಕೊಂಡು ಬಂದ ಊರಿಗೇ ಹೋಗುತ್ತಿತ್ತು.

ಪಿಚ್ಚರ್ ಮುಂದುವರಿಯಿತು. ಸ್ಟಲೋನ್ ಟ್ಯಾಂಕರಿನ ಹೊಟ್ಟೆಗೂ ಗುಂಡು ಹೊಡೆದ. ಬಿಳಿ ಪುಡಿ ಸುರಸುರ ಸುರಿಯಿತು.

"ಸಕ್ಕರ!" ಅಂತ ಮಕ್ಕಳು ಚಪ್ಪಾಳೆ ತಟ್ಟಿದರು.

ಕಾರ್ಖಾನೆಯ ನೆರಳಲ್ಲಿ ಬೆಳೆದ ಮಕ್ಕಳು, ಅವರಿಗೆ ಬಿಳಿ ಪುಡಿ ಅಂದರೆ ಬೇರೆ ಯಾವುದು? ಅಳಿಯ ಅದು ಮಾದಕ ವಸ್ತು ಅಂತ ಹೇಳಹೋದ. ಅವ್ವ ಕಡಲೆಕಾಯಿಯಿಂದ ತಲೆ ಎತ್ತದೆ, "ಎಷ್ಟು ನಷ್ಟ ಆಯ್ತೋ ಪಾಪ, ಒಂದು ಚೀಲ ತಂದು ತುಂಬ್ಕಬಾರ್ದಾ" ಅಂದಳು. ಅಲ್ಲಿಗೆ ಆ ಚಿತ್ರದಲ್ಲಿ ಕಳ್ಳಸಾಗಣೆ ಆಗಿದ್ದೆಲ್ಲ ಸಕ್ಕರೆ ಎಂದೇ ತೀರ್ಮಾನವಾಯಿತು. ಕೊನೆಯವರೆಗೂ ನಾವು ಅದನ್ನು ಸಕ್ಕರೆ ಕಳ್ಳರ ಕಥೆಯಾಗಿಯೇ ನೋಡಿದೆವು. ಕಥೆಗೇನೂ ತೊಡಕಾಗಲಿಲ್ಲ.

ವಿಲನ್ ಬಂದ. ಮುದುಕ. ಇಲಿ ಸಾಕಿಕೊಂಡಿದ್ದಾನೆ. ಈ ಇಬ್ಬರು ಪೊಲೀಸರಿಂದ ಅವನಿಗೆ ಕೋಟಿಗಟ್ಟಲೆ ನಷ್ಟ. ಅವನ ಕೈಯಾಳುಗಳು ಗುಂಡಿಟ್ಟು ಕೊಂದುಬಿಡೋಣ ಅನ್ನುತ್ತಾರೆ. ಬೇಡವಂತೆ. ಸುಳ್ಳು ಕೊಲೆ ಕೇಸು ಹಾಕಿಸಿ, ಸುಳ್ಳು ಸಾಕ್ಷಿ ಹುಟ್ಟಿಸಿ, ಜೈಲಿಗೆ ಕಳಿಸಿ, ಅಲ್ಲಿ ಕೊಲ್ಲಿಸಬೇಕಂತೆ. ಕೋರ್ಟು ಕಚೇರಿ ಅಲೆದು ಚಪ್ಪಲಿ ಸವೆಸಿದ ದಫೇದಾರಣ್ಣ ಇಲ್ಲಿ ಮೊದಲ ಸಲ ಬಾಯಿಬಿಟ್ಟರು. "ಸಾಕ್ಷಿ ಹುಟ್ಸದು ಅಷ್ಟು ಸಲೀಸಾ? ನಿಜವಾದ ಸಾಕ್ಷಿನೇ ಕೋರ್ಟ್ ಬಾಗ್ಲಿಗ ಬಂದು ತಿರುಗ್ಸ್ಕತಾನ."

ಜೈಲಿಂದ ತಪ್ಪಿಸಿಕೊಳ್ಳುವುದು ಇನ್ನೂ ಸೊಗಸು. ಜೋರು ಮಳೆ. ಇಬ್ಬರೂ ಕರೆಂಟ್ ತಂತಿಗೆ ಸೊಂಟದ ಬೆಲ್ಟ್ ಸಿಕ್ಕಿಸಿಕೊಂಡು ಗೋಡೆ ದಾಟಿ ಸುಯ್ಯನೆ ಜಾರಿಕೊಂಡು ಹೋಗುತ್ತಾರೆ. ನಮ್ಮ ಕಡೆ ನಾಕು ಹನಿ ಬಿದ್ದರೆ ಕರೆಂಟೇ ಇರುವುದಿಲ್ಲ, ಆದ್ದರಿಂದ ಇಷ್ಟು ಮಾತ್ರ ಸಾಧ್ಯ ಅಂತ ಮಂಡಳಿ ಒಪ್ಪಿತು. ಬೆಲ್ಟ್ ತೆಗೆದ ಮೇಲೂ ಪ್ಯಾಂಟು ನಿಂತಿದ್ದೇ ಪವಾಡ ಅಂತ ಒಬ್ಬ ಹುಡುಗ ಟಿಪ್ಪಣಿ ಸೇರಿಸಿದ.

ಈ ಚಿತ್ರದ ನಿರ್ದೇಶಕ ರಷ್ಯಾದ ಆಂದ್ರೇ ಕೊಂಚಲೋವ್‌ಸ್ಕಿ. ಚಿತ್ರ ಮುಗಿಯುವ ಮುಂಚೆಯೇ ಅವರನ್ನು ಕೆಲಸದಿಂದ ಬಿಡಿಸಿ, ಬೇರೊಬ್ಬರ ಕೈಲಿ ಮುಗಿಸಿದರು. ಇದನ್ನು ಹೇಳಿದ್ದಕ್ಕೆ ಭಾವ, "ಅದ್ಕೇಯ, ಡ್ರೈವರ್ ಇಳುದ್ಮ್ಯಾಲ ಗಾಡಿ ಒಂದೇ ಇಳಿಜಾರಲ್ಲಿ ಹೋದಂಗ ಅದ" ಅಂದರು. ಕೊನೆಗೆ ವಿಲನ್ನಿನ ಅಡ್ಡೆ ಪೂರ್ತಿ ಢಮಾರ್. ಇಬ್ಬರು ಗೆಳೆಯರೂ ಕೈ ಕೈ ಹೊಡೆದುಕೊಂಡರು. ನಾಯಿ ಎದ್ದು ಮೈಮುರಿಯಿತು.

"ನೋಡಿ ಮಾವ, ಎಂಬತ್ತರಲ್ಲಿ ಹೆಂಗೆಂಗೆ ತೆಗೀತಿದ್ರು ಇಂಗ್ಲಿಷ್ನೋರು" ಅಂತ ಅಳಿಯ ಹಲ್ಲು ಕಿರಿದ. ನನಗೆ ರೋಷ ಬಂತು. ಎಂಬತ್ತರ ದಶಕದ ಆರ್ಭಟವನ್ನು ಪರದೇಶದವರಿಗೆ ಬಿಟ್ಟುಕೊಡುವುದೇ? ನಾವೇನು ಸುಮ್ಮನೆ ಕೂತಿದ್ದೆವೇ?

ಜೋಡಿ ಬೇಕೋ? ಈ ಟ್ಯಾಂಗೊ, ಕ್ಯಾಶ್ ಜೋಡಿ ಕಟ್ಟುವ ಎಷ್ಟೋ ಮುಂಚೆ ವಿಷ್ಣುವರ್ಧನ್, ದ್ವಾರಕೀಶ್ 1977ರಲ್ಲಿ 'ಕಿಟ್ಟು ಪುಟ್ಟು' ಆಗಿ, ಮರುವರ್ಷ ರಾಜಾ ಕುಳ್ಳ ಆಗಿ ಸಿಂಗಪುರಕ್ಕೇ ಹೋಗಿ ಬಂದಿದ್ದರು. ಪೊಲೀಸ್ ಬೇಕೋ? 1981ರ 'ಅಂತ'. ಎಚ್.ಕೆ. ಅನಂತರಾವ್ ಕಾದಂಬರಿ, ರಾಜೇಂದ್ರ ಸಿಂಗ್ ಬಾಬು ನಿರ್ದೇಶನ. ಅಂಬರೀಷ್ ಇನ್‌ಸ್ಪೆಕ್ಟರ್ ಸುಶೀಲ್ ಕುಮಾರ್ರೂ ಹೌದು, ಅದೇ ಮುಖದ ರೌಡಿ ಕನ್ವರ್‌ಲಾಲ್‌ನೂ ಹೌದು. ಅಂದರೆ ಜೋಡಿಗೆ ಇಬ್ಬರು ನಟರೂ ಬೇಕಾಗಲಿಲ್ಲ, ಒಬ್ಬರಲ್ಲೇ ಮುಗಿಸಿದೆವು. ಎಷ್ಟು ಉಳಿತಾಯ! ಇನ್‌ಸ್ಪೆಕ್ಟರ್ ರೌಡಿಯ ಹಾಗೆ ನಟಿಸಿ ಅಡ್ಡೆಗೆ ನುಗ್ಗುತ್ತಾನೆ. ಆಮೇಲೆ ಸಿಕ್ಕಿಬಿದ್ದು ಉಗುರು ಕೀಳಿಸಿಕೊಳ್ಳುತ್ತಾನೆ. ನಮ್ಮ ಕಾಲದ ಜಾಗರಣೆಯಲ್ಲಿ ಆ ಸೀನಿಗೆ ಮಾತ್ರ ಯಾರೂ ನಗಲಿಲ್ಲ. ಇಡೀ ಬೀದಿ ಹತ್ತೂ ಬೆರಳು ಕಂಕುಳಲ್ಲಿ ಮುಚ್ಚಿಟ್ಟುಕೊಂಡು ಕೂತಿತ್ತು. ಮಾರನೇ ದಿನ ಸ್ಕೂಲಿನಲ್ಲಿ ಎಲ್ಲರೂ ಕನ್ವರ್‌ಲಾಲ್. ಸುಶೀಲ್ ಕುಮಾರ್ ಆಗುವುದಕ್ಕೆ ಒಬ್ಬನೂ ಒಪ್ಪದೆ, ಕಡೆಗೆ ಹೊಸದಾಗಿ ಸೇರಿದ ಪಾಪದ ಹುಡುಗನೊಬ್ಬನ ತಲೆಗೆ ಆ ಡ್ಯೂಟಿ ಕಟ್ಟಿದೆವು.

ಆಮೇಲೆ 1988ರಲ್ಲಿ 'ಸಾಂಗ್ಲಿಯಾನ'. ಪಿ. ನಂಜುಂಡಪ್ಪ ನಿರ್ದೇಶನ, ಹಂಸಲೇಖ ಸಂಗೀತ, ಶಂಕರ್‌ನಾಗ್ ಖಾಕಿ. ಇದರ ಗತ್ತು ಬೇರೆ. ಮಿಜೋರಾಂನಿಂದ ಬಂದು ಕರ್ನಾಟಕದಲ್ಲಿ ಹೆಸರು ಮಾಡಿದ ಎಚ್.ಟಿ. ಸಾಂಗ್ಲಿಯಾನ ಎಂಬ ನಿಜವಾದ ಅಧಿಕಾರಿ ಡ್ಯೂಟಿಯಲ್ಲಿರುವಾಗಲೇ ಅವರ ಹೆಸರಲ್ಲಿ ಪಿಚ್ಚರ್ ಬಂತು. 1990ರಲ್ಲಿ ಎರಡನೇ ಭಾಗವೂ ಬಂತು. ಸ್ಟಲೋನ್‌ಗೆ ಈ ಅದೃಷ್ಟ ಉಂಟೇ? ಟ್ಯಾಂಗೊ ಎಂಬ ಹೆಸರಿನ ದಫೇದಾರ ಅಮೆರಿಕದ ಯಾವ ಠಾಣೆಯಲ್ಲಿದ್ದ? ನಮ್ಮ ಸಾಂಗ್ಲಿಯಾನ ಪರದೆ ಇಳಿದು ಬಂದವರಂತೆ 2004ರಲ್ಲಿ ಬೆಂಗಳೂರು ಉತ್ತರದಿಂದ ಗೆದ್ದು ಲೋಕಸಭೆಗೂ ಹೋದರು.

ಆ ಕಾಲದ ಪೊಲೀಸ್ ಪಿಚ್ಚರುಗಳ ಕಾನೂನೇ ಬೇರೆಯಿತ್ತು. ಇನ್‌ಸ್ಪೆಕ್ಟರ್ ಕೆನ್ನೆಗೊಂದು ಮಚ್ಚೆ ಅಂಟಿಸಿಕೊಂಡರೆ ಸ್ವಂತ ತಾಯಿಗೂ ಗುರುತು ಸಿಗಬಾರದು. ವಿಲನ್ನಿನ ಗೋಡೌನಿನಲ್ಲಿ ಮಾಲು ಇಲ್ಲದಿದ್ದರೂ ಖಾಲಿ ಡ್ರಮ್ಮು, ರಟ್ಟಿನ ಡಬ್ಬ ಸಾಲಾಗಿ ಇರಬೇಕು, ಒದೆ ತಿಂದವರು ಬೀಳುವುದಕ್ಕೆ. ವಜ್ರಮುನಿ ಅಬ್ಬರಿಸಿ ತನ್ನ ಪ್ಲಾನ್ ಪೂರ್ತಿ ಹೇಳಿ ಮುಗಿಸುವವರೆಗೆ ಹೀರೊ ಹಗ್ಗ ಬಿಚ್ಚಿಕೊಳ್ಳಬಾರದು. ಹಿರಿಯರು ಮಾತಾಡುವಾಗ ನಡುವೆ ಏಳಬಾರದಲ್ಲ! ಎಲ್ಲ ಮುಗಿದು ಕೈ ಒರೆಸಿಕೊಳ್ಳುವಾಗ ಜೀಪು ಬರಬೇಕು.

"ಜೀಪಿನ್ದು ನಿಜ" ಅಂದರು ದಫೇದಾರಣ್ಣ. "ಡೀಸಲ್ಗ ಬರ್ಕಂಡು ಸೈನ್ ಮಾಡ್ಸ್ಕ ಬರದು ಬ್ಯಾಡ್ವಾ? ಆ ರಿವಾಲ್ವರ್ದು ಮಾತ್ರ ಸುಳ್ಳು. ಆರು ಗುಂಡಿನ ರಿವಾಲ್ವರು, ನಾ ಎಣುಸ್ತಾ ಕೂತ್ಕತಿದ್ದಿ, ಹತ್ತು ದಾಟುದ್ರೂ ಹೊಡೀತಾನೇ ಇರವ್ರು. ನಾವು ಒಂದು ಗುಂಡು ಹಾರ್ಸುದ್ರ ಖಾಲಿ ತೋಟ ಹುಡ್ಕಿ ತಂದು ಲೆಕ್ಕ ಒಪ್ಪಿಸ್ಬೇಕು."

"ನಿಮ್ಮ ಯಾಸ ಮರ್ಸದು ಯಾನ ಹೊಸ್ದಾ?" ಅವ್ವ ಈಗ ಕಡಲೆಕಾಯಿ ಪಕ್ಕಕ್ಕಿಟ್ಟಳು. "ಮಾದಪ್ಪ ಮರ್ಸ್ಲಿಲ್ವಾ? ದೇವ್ರುಗಳ್ನೆಲ್ಲ ಸೆರೆ ಹಾಕಿದ್ದ ಶ್ರವಣನ್ನ ಹೆಂಗ ಮುಗುಸ್ದ? ಹರಳಯ್ಯನ ಕೈಲಿ ಅರಗಿನ ಪಾದರಕ್ಷೆ ಮಾಡ್ಸಿ ಮೆಟ್ಟುಸ್ದ. ಒಂದು ಗುಂಡು ಕರ್ಚಾಯ್ತಾ?"

ಮಂಡಳಿ ತಲೆದೂಗಿತು. ಹುಲಿ ಮೇಲೆ ಸವಾರಿ ಮಾಡಿ ಏಳುಮಲೆ ಸುತ್ತಿದ ಹೀರೊನ ಕಥೆ ಕೇಳುತ್ತಾ ಬೆಳೆದವರು ನಾವು. ಆ ಕಥೆಯೊಳಗೆ ನಮ್ಮ ಕುಂತೂರು ಮಠವೂ ಬರುತ್ತದೆ. ಅಂಥವರ ಮುಂದೆ ಸ್ಟಲೋನ್ ತಂತಿ ಮೇಲೆ ಜಾರಿದರೆಷ್ಟು, ಶಂಕರ್‌ನಾಗ್ ಹತ್ತು ಜನಕ್ಕೆ ಒದ್ದರೆಷ್ಟು? ಹಾಗಂತ ಮಾದಪ್ಪನ ಕಥೆಯಲ್ಲಿ ನಾವು ಬ್ರೇಕಿನ ಪ್ರಶ್ನೆ ಎತ್ತುವುದಿಲ್ಲ. ಅವನು ದೇವರು. ಪಿಚ್ಚರಿನವರು ನೆಂಟರು. ನೆಂಟರನ್ನಾದರೆ ಆಡಿಕೊಳ್ಳಬಹುದು, ಊಟಕ್ಕೂ ಕರೆಯಬಹುದು.

"ದಫೇದಾರಣ್ಣ, ನಿಮ್ಮ ಸರ್ವೀಸಲ್ಲಿ ಹಿಂಗೆ ಇಬ್ರು ಆಫೀಸರ್ ಜೋಡಿಯಾಗಿದ್ದದ್ದು ಕಂಡಿದ್ದೀರಾ?" ಅಳಿಯ ತಮಾಷೆಗೇ ಕೇಳಿದ್ದು.

ದಫೇದಾರಣ್ಣ ಸ್ವಲ್ಪ ಹೊತ್ತು ಪಂಚೆಯ ಕಡೆಗೇ ನೋಡಿದರು. ಪಂಚೆಯ ಮೇಲೆ ಆಗ ಏನೂ ಇರಲಿಲ್ಲ.

"ಕಂಡಿವ್ನಿ. ಹರಿಕೃಷ್ಣ ಸಾಹೇಬ್ರು, ಶಕೀಲ್ ಅಹ್ಮದ್ ಸಾಹೇಬ್ರು" ಅಂದರು.

ಮಕ್ಕಳಿಗೆ ಗೊತ್ತಿಲ್ಲ. ನಮಗೆ ಗೊತ್ತು. 1992ರ ಆಗಸ್ಟ್ 14, ಹನೂರಿನ ಆಚೆ ಮೀಣ್ಯದ ಕಾಡು. ಆಗಿನ್ನೂ ನಮ್ಮದು ಮೈಸೂರು ಜಿಲ್ಲೆ. ಎಸ್ಪಿ ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಕಾಡುಗಳ್ಳ ವೀರಪ್ಪನ್‌ನನ್ನು ಹಿಡಿಯಲು ಹೋದರು. ಅವನು ಹೊಂಚು ಹಾಕಿ ಕೂತಿದ್ದ. ಇಬ್ಬರೂ ತಿರುಗಿ ಬರಲಿಲ್ಲ. ದೇವರಾಜ್ ಮಾಡಿದ 'ವೀರಪ್ಪನ್' ಪಿಚ್ಚರ್ 1991ರಲ್ಲೇ ಬಂದು ಹೋಗಿತ್ತು. ಕಾಡಿನೊಳಗಿನ ಅಸಲಿ ಪಿಚ್ಚರ್ ಮುಗಿದದ್ದು 2004ರ ಅಕ್ಟೋಬರ್ 18ಕ್ಕೆ, ವೀರಪ್ಪನ್ ಸತ್ತಾಗ.

"ಆ ವರ್ಸಗಳಲ್ಲಿ ಡ್ಯೂಟಿ ಮುಗುಸ್ಕಂಡು ಬಂದು ನಾ ಯಾನ ನೋಡ್ತಿದ್ದಿ ಗೊತ್ತಾ? ಇದೇ ಸಾಂಗ್ಲಿಯಾನ. ನಮ್ಮ ಕಾಡಲ್ಲಿ ಗುಂಡು ಗುರಿ ತಪ್ತಿರ್ಲಿಲ್ಲ. ಪಿಚ್ಚರಲ್ಲಿ ಹೀರೊಗ ಬರದೆಲ್ಲಾ ತಪ್ತಿತ್ತು" ಅಂದರು ದಫೇದಾರಣ್ಣ. ಆಮೇಲೆ ತಾವೇ ನಕ್ಕು, "ಹಾಕಪ್ಪ, ಇನ್ನೊಂದು ಹಾಕು. ಶಂಕರ್‌ನಾಗ್ದು ಹಾಕು. ನಾ ಗುಂಡು ಎಣುಸ್ತೀನಿ" ಅಂದರು.

ಹಾಕಿದ. ಅವರು ಎಣಿಸಿದರು. ಹನ್ನೊಂದರವರೆಗೆ ಕೇಳಿಸಿತು, ಆಮೇಲೆ ನನಗೆ ನಿದ್ದೆ. ಈ ವರ್ಷದ ಪುಣ್ಯ ಅಷ್ಟಕ್ಕೇ ಖೋತಾ.

ಬೆಳಗ್ಗೆ ಎದ್ದಾಗ ಭಾವ ಎರಡು ಖಾಲಿ ಟ್ರೈಲರ್ ಎಳೆದುಕೊಂಡು ಗದ್ದೆ ಕಡೆಗೆ ಹೊರಟಿದ್ದರು. ಬೀದಿ ತಿರುವಿನಲ್ಲಿ ಅವರ ಮೊಮ್ಮಗ, ಆರು ವರ್ಷದವನು, ಅಜ್ಜಿಯ ಕನ್ನಡಕ ಏರಿಸಿಕೊಂಡು, ಕೈಲೊಂದು ಕಬ್ಬಿನ ಜಲ್ಲೆಯ ತುಂಡು ಹಿಡಿದು ನಡುರಸ್ತೆಯಲ್ಲಿ ಕಾಲಗಲಿಸಿ ನಿಂತಿದ್ದ. ಭಾವ ದೂರದಿಂದಲೇ ನೋಡಿ ಗೇರ್ ಇಳಿಸಿದರು. ಟ್ರ್ಯಾಕ್ಟರ್ ಗುಡುಗುಡು ಅನ್ನುತ್ತಾ ನಿಧಾನವಾಯಿತು.

"ಡಿಶುಂ!" ಅಂದ ಮೊಮ್ಮಗ.

ಗಾಡಿ ಅವನಿಗಿಂತ ಹತ್ತು ಮಾರು ಹಿಂದೆಯೇ ನಿಂತಿತು. ಭಾವ ಎರಡೂ ಕೈ ಮೇಲೆತ್ತಿ, ಎದೆ ಹಿಡಿದುಕೊಂಡು, ಸ್ಟೀರಿಂಗ್ ಮೇಲೆ ಧೊಪ್ಪನೆ ಕವುಚಿಬಿದ್ದರು. ಹಾರ್ನು ಒಂದೇ ಸಮನೆ ಕೂಗತೊಡಗಿತು.

ಪಕ್ಕದ ಜಗಲಿಯಲ್ಲಿ ಹಲ್ಲುಜ್ಜುತ್ತಿದ್ದ ದಫೇದಾರಣ್ಣ ಬಾಯ್ತುಂಬ ನೊರೆಯಲ್ಲೇ ಕೂಗಿದರು: "ಒಂದು!"