ಕಾರಿಗೊಬ್ಬ ಬಡಗಿ
ಕಾರು ಕೆಟ್ಟರೆ ಲೋಕವೆಲ್ಲ ಮೆಕ್ಯಾನಿಕ್‌ನನ್ನು ಹುಡುಕುತ್ತದೆ. ಇಂಗ್ಲೆಂಡಿನಲ್ಲಿ ಮೋರಿಸ್ ಮೈನರ್ ಟ್ರಾವೆಲರ್ ಸಾಕಿಕೊಂಡವರು ಮಾತ್ರ ಬಡಗಿಯ ಮನೆ ಕದ ತಟ್ಟುತ್ತಾರೆ! 1953ರಲ್ಲಿ ಬಂದ ಈ ಕಾರಿನ ಹಿಂಭಾಗದ ಚೌಕಟ್ಟು ಆಶ್ ಮರದ್ದು. ಅಲಂಕಾರಕ್ಕೆ ಅಂಟಿಸಿದ ಪಟ್ಟಿಯಲ್ಲ. ಹಿಂದಿನ ಮೈಯೆಲ್ಲ ನಿಂತಿರುವುದೇ ಅದರ ಮೇಲೆ. ಮರ ಕುಂಬಾದರೆ ವಾಹನ ತಪಾಸಣೆಯಲ್ಲಿ ಕಾರು ನಪಾಸಾಗುತ್ತಿತ್ತು. ನಲವತ್ತು ವರ್ಷ ದಾಟಿದ ಹಳೆಯ ಕಾರುಗಳಿಗೆ ಈಗ ಅಲ್ಲಿ ತಪಾಸಣೆಯಿಂದ ವಿನಾಯಿತಿ ಉಂಟು ನಿಜ, ಆದರೆ ಆ ಕಾನೂನು ಮಳೆಗೆ ಗೊತ್ತಿಲ್ಲವಲ್ಲ! ಜಾರುವ ಗಾಜಿನ ಕೆಳಗಿನ ಸಂದಿಯಲ್ಲಿ ನೀರು ನಿಂತು ಹಸಿರು ಪಾಚಿ ಕಟ್ಟುತ್ತದೆ. ಮರದ ಕೀಲುಗಳು ಕಪ್ಪಗಾದವೋ, ಯಜಮಾನರ ಎದೆ ಧಸಕ್ಕೆನ್ನುತ್ತದೆ. ಭಾನುವಾರವಿಡೀ ಉಜ್ಜುಕಾಗದ, ವಾರ್ನಿಷ್ ಹಿಡಿದು ಅದರದೇ ಸೇವೆ. ಮನೆಯ ಕಿಟಕಿ ಬಣ್ಣ ಕಂಡು ಎಷ್ಟು ಕಾಲವಾಯಿತೆಂದು ಮನೆಯಾಕೆಯನ್ನು ಕೇಳಬೇಕು.

ಹುಟ್ಟಿನಲ್ಲೇ ಈ ವಂಶದ್ದು ಬಡಗಿ ಕಸುಬು. ಟ್ರಾವೆಲರಿಗೂ ಮೊದಲಿನ ಮೂಲ ಮೈನರಿನ ಮಾದರಿ ತೀರಾ ಸಪೂರವಾಯಿತೆಂದು ವಿನ್ಯಾಸಗಾರ ಅಲೆಕ್ ಇಸಿಗೋನಿಸ್ ಅದನ್ನು ಉದ್ದಕ್ಕೆ ಸೀಳಿಸಿ, ನಡುವೆ ನಾಲ್ಕು ಇಂಚು ಸೇರಿಸಿದ. ಬಂಪರುಗಳು ಆಗಲೇ ತಯಾರಾಗಿದ್ದವು. ಎಸೆಯಲು ಮನಸ್ಸು ಬರಬೇಕಲ್ಲ? ಅವನ್ನೂ ಕತ್ತರಿಸಿ ನಡುವೆ ತೇಪೆ ಹಾಕಿದರು. 1948ರಲ್ಲಿ ಹೊಚ್ಚಹೊಸ ಕಾರು ತೇಪೆಯ ಸಮೇತ ಮಾರಾಟಕ್ಕೆ ಬಂತು. ಈಗ ಅಂಥ ಕಾರನ್ನು ರಿಪೇರಿ ಮಾಡುವವರು ಹಠ ಹಿಡಿಯುವುದೂ ಅದಕ್ಕೇ: ತೇಪೆಯಿದ್ದರೆ ಅಸಲಿ ತೇಪೆಯೇ ಇರಬೇಕು!